ಕಾರ್ಡು ಮೋನಿಷಾಳದು, ಗಾಯ ಇನ್ನೊಬ್ಬಳದು

“ಕುತ್ತಿಗೆ ಹತ್ರ ಎರಡು ಬೆರಳಷ್ಟು ಸರಿಸಿದ್ರೆ ಸಾಕು ಕಣಮ್ಮ. ಅದಕ್ಕಿಂತ ಜಾಸ್ತಿ ನಾನು ನೋಡ್ಬೇಕಾಗಿಲ್ಲ,” ಎಂದಳು ಗೋದಾ.

ಮೋನಿಷಾ ಅಪ್ಪನ ಮುಖ ನೋಡಿದಳು. ಕಾಳಪ್ಪ ಎದ್ದು ಹೊರಗೆ ಹೋಗಿ, ವಠಾರದ ನಲ್ಲಿಯ ಕಡೆ ಮುಖ ಮಾಡಿ ನಿಂತುಕೊಂಡ. ಗೋದಾ ಬಾಗಿಲು ಮುಂದೆ ಮಾಡಿದಳು.

ಹುಡುಗಿ ಚೂಡಿದಾರದ ಕೊರಳನ್ನು ಒಂದಿಷ್ಟು ಕೆಳಕ್ಕೆ ಎಳೆದು ಹಿಡಿದಳು.

ಕತ್ತಿನ ಗುಳಿಯ ಕೆಳಗೆ ಚರ್ಮ ನುಣ್ಣಗಿತ್ತು. ಹೊಲಿಗೆಯ ಗುರುತು ಹಾಗಿರಲಿ, ಒಂದು ಗೀರೂ ಇರಲಿಲ್ಲ.

ಗೋದಾಳ ಚೀಲದಲ್ಲಿದ್ದ ಫೈಲು ಮಾತ್ರ ಬೇರೆಯೇ ಹೇಳುತ್ತಿತ್ತು. ಕಾಟನ್‌ಪೇಟೆಯ ಕಾಳಪ್ಪನ ಮಗಳು ಮೋನಿಷಾ, ಇಪ್ಪತ್ತೊಂದು ವರ್ಷ. ಏಳು ವಾರದ ಹಿಂದೆ ಚಾಮರಾಜಪೇಟೆಯ ಶ್ವೇತಾದ್ರಿ ಆಸ್ಪತ್ರೆಯಲ್ಲಿ ಎದೆ ತೆರೆದು, ಹೃದಯದ ಕೆಟ್ಟ ಕವಾಟ ತೆಗೆದು, ಲೋಹದ ಕವಾಟ ಕೂರಿಸಲಾಗಿದೆ. ಎದೆ ತೆರೆಯುವುದೆಂದರೆ ಗಂಟಲ ಕೆಳಗಿನಿಂದಲೇ ಮೂಳೆ ಸೀಳಬೇಕು. ಆ ಗಾಯದ ಗೆರೆ ಆಯುಷ್ಯಪೂರ್ತಿ ಮಾಯುವುದಿಲ್ಲ.

ಮೋನಿಷಾಗೆ ಆಪರೇಷನ್ನೇ ಆಗಿಲ್ಲ ಎಂಬ, ಸಹಿಯಿಲ್ಲದ ಮೂರು ಸಾಲಿನ ಪತ್ರವೊಂದು ಪೂರ್ಣಾಯು ವಿಮಾ ಕಂಪನಿಗೆ ಬಂದಿತ್ತು. ಅದನ್ನು ಹಿಡಿದು ಹೊರಟ ಗೋದಾ ನಾಲ್ಕನೇ ದಿನ ಈ ಬಾಗಿಲಿಗೆ ಬಂದು ಮುಟ್ಟಿದ್ದಳು.

“ಸರಿ, ಬಟ್ಟೆ ಸರಿ ಮಾಡ್ಕೋ,” ಎಂದು ಬಾಗಿಲು ತೆಗೆದಳು. “ಕಾಳಪ್ಪನೋರೇ, ಒಳಗೆ ಬನ್ನಿ.”

ಕಾಳಪ್ಪ ಒಳಗೆ ಬಂದು ಗೋಡೆಗೆ ಒರಗಿ ಕೂತ. ಮೂವತ್ತು ವರ್ಷ ಕಾಟನ್‌ಪೇಟೆಯ ಮಂಡಿಗಳಲ್ಲಿ ಮೂಟೆ ಹೊತ್ತ ಆಳು. ಭುಜ ಒಂದು ಕಡೆಗೆ ವಾಲಿಕೊಂಡಿತ್ತು.

“ಆಸ್ಪತ್ರೆ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಿದ್ದು ನಿಮ್ಮ ಮಗಳೇ. ಕಂಪ್ಯೂಟರ್‌ನಲ್ಲಿ ಎರಡು ಸಲ ಬಂದಿದೆ. ಸೇರಿಸಿದ ದಿನ ಒಂದು, ಬಿಡುಗಡೆ ದಿನ ಒಂದು. ಹಾಗಾದ್ರೆ ನಡುವೆ ಹಾಸಿಗೆ ಮೇಲೆ ಮಲಗಿದ್ದು ಯಾರು?”

“ನನ್ನನ್ನ ಹಿಡ್ಕೊಂಡು ಹೋಗ್ಬಿಡಿ ಅಮ್ಮಾವ್ರೇ,” ಎಂದ ಕಾಳಪ್ಪ. “ಮಗಳು ಹೆಬ್ಬೆಟ್ಟು ಒತ್ತಿದ್ದು ನನ್ನ ಮಾತಿಗೆ.”

“ನಾನು ಪೊಲೀಸ್ ಅಲ್ಲ. ಯಾರನ್ನೂ ಹಿಡ್ಕೊಂಡು ಹೋಗಲ್ಲ.”

ಅದು ನಿಜ. ಇಪ್ಪತ್ತಮೂರು ವರ್ಷ ಸರ್ಕಾರಿ ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು, ಸ್ವಯಂ ನಿವೃತ್ತಿ ತೆಗೆದುಕೊಂಡು, ಈಗ ವೈಯಾಲಿಕಾವಲ್‌ನ ಮನೆಯಿಂದಲೇ ಖಾಸಗಿ ಕಂಪನಿಗಳಿಗೆ ವಿಚಾರಣೆ ಮಾಡಿಕೊಡುವ ಹೆಂಗಸು ಅವಳು. ಆದರೆ ಅವಳು ಬರೆದ ವರದಿ ಪೊಲೀಸರ ಮೇಜಿಗೂ ಹೋಗಬಹುದು ಎಂಬುದು ಕಾಳಪ್ಪನಿಗೂ ಗೊತ್ತಿತ್ತು.

ಪಟ್ಟಿಯಲ್ಲಿರುವ ಬಡ ಕುಟುಂಬಗಳಿಗೆಲ್ಲ ಸರ್ಕಾರ ಆರೋಗ್ಯ ಕಾರ್ಡು ಕೊಟ್ಟು ಒಂದೂವರೆ ವರ್ಷವಾಗಿತ್ತು. ವರ್ಷವರ್ಷ ಕಂತು ಕಟ್ಟುವುದು ಸರ್ಕಾರ. ಆಸ್ಪತ್ರೆಗೆ ಹಣ ತುಂಬುವುದು ಪೂರ್ಣಾಯು. ಕಾರ್ಡು ಹಿಡಿದು ಹೋಗಿ ಬೆರಳು ಒತ್ತಿದರೆ, ಹಿಂದೆ ಬಾಗಿಲಲ್ಲೇ ತಡೆಯುತ್ತಿದ್ದ ಆಸ್ಪತ್ರೆಯೂ ಒಳಗೆ ಕರೆದು ಕೂರಿಸುತ್ತಿತ್ತು. ಈ ವಠಾರದಲ್ಲೇ ಇಬ್ಬರು ಆ ಕಾರ್ಡಿನಿಂದ ಬದುಕಿ ಬಂದಿದ್ದರು.

“ಆ ಕಾರ್ಡು ನಮ್ಮನೇಲಿ ಸುಮ್ನೆ ಡಬ್ಬೀಲಿ ಬಿದ್ದಿತ್ತು ಅಮ್ಮಾವ್ರೇ,” ಎಂದ ಕಾಳಪ್ಪ. “ದೇವ್ರ ದಯ, ನಮ್ಮಲ್ಲಿ ಯಾರಿಗೂ ಏನೂ ಆಗ್ಲಿಲ್ಲ. ಆ ಮಗು ಇಲ್ಲೇ, ಈ ಚಾಪೆ ಮೇಲೆ ಕೂತ್ಕೊಂಡು ಮೂರು ವರ್ಷ ನನ್ನ ಮಗಳಿಗೆ ಲೆಕ್ಕ ಹೇಳ್ಕೊಡ್ತು. ಒಂದು ಕಾಸು ಮುಟ್ಲಿಲ್ಲ. ಎರಡು ಸಲ ಫೇಲಾಗಿದ್ದೋಳು ಪಾಸಾದ್ಲು. ಆ ಮಗು ಈ ನಾಲ್ಕು ಮೆಟ್ಲು ಹತ್ತೋಕೆ ಎರಡು ಸಲ ಕೂತ್ಕೊಳ್ತಿತ್ತು. ತುಟಿ ನೀಲಿ ಆಗೋದು. ಹೆಂಗ್ ನೋಡ್ಕೊಂಡಿರ್ಲಿ?”

“ಯಾರು ಆ ಮಗು?”

ಉತ್ತರ ಕೊಟ್ಟವಳು ಮೋನಿಷಾ.

“ಆರಾಧನಾ ಮಿಸ್. ಗವಿಪುರಂನಲ್ಲಿದಾರೆ. ಮೇಡಂ, ಅವರನ್ನ ಬೈಬೇಡಿ. ಅವರು ಬೇಡ ಬೇಡ ಅಂತಲೇ ಅಂದಿದ್ರು.”

“ಬೈಯೋಕೆ ಹೋಗ್ತಿಲ್ಲ. ನಡಿ, ಮನೆ ತೋರಿಸು. ಕಾರ್ಡೂ ಜತೇಲಿ ಇಟ್ಕೋ.”

ಶನಿವಾರ, ಹನ್ನೆರಡು ಗಂಟೆ ಹೊಡೆದಿರಲಿಲ್ಲ. ಆಟೊದಲ್ಲಿ ಮೋನಿಷಾ ಕೈಚೀಲವನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ಕೂತಿದ್ದಳು. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಕೆಲಸ, ಇವತ್ತು ಅರ್ಧ ದಿನ ರಜೆ ಕೇಳಿಕೊಂಡಿದ್ದಳಂತೆ. ಗೋದಾ ಮನಸ್ಸಿನಲ್ಲೇ ವರದಿಯ ಸಾಲುಗಳನ್ನು ಜೋಡಿಸುತ್ತಿದ್ದಳು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರಿಗೆ ಚಿಕಿತ್ಸೆ. ಕುಟುಂಬದ ಕಾರ್ಡು ರದ್ದು. ಆಸ್ಪತ್ರೆಗೆ ನೋಟಿಸು. ಇಷ್ಟು ಬರೆದರೆ ಅವಳ ಕೆಲಸ ಮುಗಿಯಿತು. ಇಂಥ ವರದಿ ಅವಳು ಕಣ್ಣು ಮುಚ್ಚಿ ಬರೆಯಬಲ್ಲಳು.

ಗವಿ ಗಂಗಾಧರೇಶ್ವರನ ಗುಡಿಯ ಹಿಂದಿನ ಬೀದಿಯಲ್ಲಿ ಆಟೊ ನಿಂತಿತು. ಹಳೇ ಮನೆಯೊಂದರ ಹಿಂಭಾಗದಲ್ಲಿ ಬಾಡಿಗೆಯ ಎರಡು ಕೋಣೆ. ಬಾಗಿಲು ತೆರೆದ ಹೆಂಗಸಿಗೆ ಐವತ್ತರ ಆಸುಪಾಸು, ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದಳು. ಆರಾಧನಾಳ ತಾಯಿ ಕಾವೇರಮ್ಮ, ಅಲ್ಲೇ ಹತ್ತಿರದ ಖಾಸಗಿ ಶಾಲೆಯಲ್ಲಿ ಟೈಪಿಸ್ಟ್ ಎಂದು ಮೋನಿಷಾ ದಾರಿಯಲ್ಲಿ ಹೇಳಿದ್ದಳು.

ಕಾವೇರಮ್ಮ ಗೋದಾಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹಿಂದೆ ಸರಿದು ದಾರಿ ಬಿಟ್ಟಳು.

“ಬನ್ನಿ. ನೀವು ಮೊದ್ಲೊಂದ್ಸಲ ಬಂದಿದ್ರಿ ಈ ಮನೆಗೆ.”

ಗೋದಾಗೆ ನೆನಪಾಗಲಿಲ್ಲ.

“ಎರಡು ವರ್ಷ ಆಯ್ತು. ಆರಾಧನಾಗೆ ಪಾಲಿಸಿ ಮಾಡಿಸೋಣ ಅಂತ ಅರ್ಜಿ ಹಾಕಿದ್ವಿ, ಪೂರ್ಣಾಯು ಕಂಪನಿಗೇ. ವಿಚಾರಿಸೋಕೆ ನಿಮ್ಮನ್ನ ಕಳಿಸಿದ್ರು. ಇದೇ ಕುರ್ಚೀಲಿ ಕೂತು ಕಾಫಿ ಕುಡಿದು, ಚೆನ್ನಾಗಿದೆ ಅಂದ್ರಿ.”

ಗೋದಾ ಆ ಕುರ್ಚಿ ನೋಡಿದಳು. ತಿಂಗಳಿಗೆ ಮೂವತ್ತು ನಲವತ್ತು ಮನೆ. ಎಷ್ಟು ಕುರ್ಚಿ, ಎಷ್ಟು ಕಾಫಿ.

“ಏನು ಬರೆದಿದ್ದೆ ನಾನು?” ಎಂದು ಕೇಳಿದಳು.

“ನಾನು ಹೇಳಿದ್ದನ್ನೇ ಬರೆದಿದ್ರಿ. ಎಂಟನೇ ವರ್ಷದಲ್ಲಿ ಕೀಲುನೋವಿನ ಜ್ವರ ಬಂದಿತ್ತು, ಹಾರ್ಟ್ ಡಾಕ್ಟ್ರು ನೋಡಿದ್ರು ಅಂತ. ನೀವೇನೂ ಸುಳ್ಳು ಬರೀಲಿಲ್ಲ. ಅರ್ಜಿ ವಾಪಸ್ ಬಂತು. ಮೊದಲೇ ಇರೋ ಕಾಯಿಲೆಗೆ ಪಾಲಿಸಿ ಇಲ್ಲ ಅಂತ ಒಂದು ಸಾಲು.” ಕಾವೇರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಗೋದಾಗೆ ಕಷ್ಟವಾಯಿತು. “ಸರ್ಕಾರದ ಕಾರ್ಡು ಕೇಳೋಣ ಅಂತ ಹೋದೆ. ನಿಮಗೆ ಸಂಬಳದ ಚೀಟಿ ಇದೆ, ಪಟ್ಟೀಲಿ ಬರಲ್ಲ ಅಂದ್ರು. ಆ ಸಂಬಳದಲ್ಲಿ ಆಪರೇಷನ್ ಮಾಡಿಸೋಕಾಗತ್ತಾ ಅಂತ ಯಾರೂ ಕೇಳಲಿಲ್ಲ.”

ಒಳಕೋಣೆಯಿಂದ ಆರಾಧನಾ ಬಂದಳು. ಇಪ್ಪತ್ನಾಲ್ಕು ವರ್ಷ, ತೆಳ್ಳಗೆ. ಈ ಸೆಕೆಯಲ್ಲೂ ಉದ್ದ ತೋಳಿನ ರವಿಕೆ ತೊಟ್ಟಿದ್ದಳು. ಮೋನಿಷಾ ಎದ್ದು ಅವಳ ಪಕ್ಕಕ್ಕೆ ಹೋಗಿ ನಿಂತಳು.

“ತಪ್ಪು ನಂದು ಮೇಡಂ,” ಎಂದಳು ಆರಾಧನಾ. “ಬದುಕ್ಬೇಕು ಅನ್ನಿಸ್ತು. ಒಪ್ಕೊಂಡ್ಬಿಟ್ಟೆ.”

ಗೋದಾಳ ಕಣ್ಣು ಅವಳ ಕೊರಳ ಕೆಳಗೆ ಹೋಯಿತು. ಗಾಯದ ಗೆರೆ ಅಲ್ಲಿತ್ತು, ಇನ್ನೂ ಕೆಂಪಗೆ.

ಅಲ್ಲಿಗೆ ವರದಿ ಪೂರ್ತಿಯಾಯಿತು. ಎದ್ದು ಹೋಗಬಹುದಿತ್ತು. ಆದರೂ ಗೋದಾ ಕೂತೇ ಇದ್ದಳು. ಏನೋ ಕೊರತೆ ಇದೆ ಎನ್ನಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ.

“ಸ್ವಲ್ಪ ಆ ಫ್ಯಾನ್ ಆರಿಸ್ತೀರಾ?” ಎಂದಳು.

ಫ್ಯಾನು ನಿಂತಿತು. ಕೋಣೆ ನಿಶ್ಶಬ್ದವಾಯಿತು. ಗೋದಾ ತನ್ನ ಕುರ್ಚಿಯನ್ನು ಆರಾಧನಾಳ ಹತ್ತಿರ ಎಳೆದುಕೊಂಡು ಕಿವಿಗೊಟ್ಟಳು.

ಕಳೆದ ಒಂದು ವರ್ಷದಲ್ಲಿ ಲೋಹದ ಕವಾಟ ಹಾಕಿಸಿಕೊಂಡ ಹನ್ನೊಂದು ಜನರ ಮನೆಗೆ ಅವಳು ಹೋಗಿಬಂದಿದ್ದಳು. ಅವರ ಪಕ್ಕ ಮೌನವಾಗಿ ಕೂತರೆ ಕೇಳಿಸುತ್ತದೆ, ಎದೆಯೊಳಗೆ ಕೈಗಡಿಯಾರ ಇಟ್ಟುಕೊಂಡ ಹಾಗೆ ಟಿಕ್, ಟಿಕ್. ಮೊದಮೊದಲು ಆ ಸದ್ದಿಗೆ ನಿದ್ದೆಯೇ ಬರುತ್ತಿರಲಿಲ್ಲ ಎಂದು ಮಾಗಡಿ ರಸ್ತೆಯ ಮುದುಕನೊಬ್ಬ ನಕ್ಕಿದ್ದ.

ಇಲ್ಲಿ ಏನೂ ಕೇಳಿಸಲಿಲ್ಲ.

“ನಿನ್ನ ಎದೇಲಿ ಸದ್ದು ಬರುತ್ತಾಮ್ಮ? ರಾತ್ರಿ ಮಲಗಿದಾಗ?”

“ಯಾವ ಸದ್ದು ಮೇಡಂ?”

“ಮಾತ್ರೆ ಏನು ಕೊಟ್ಟಿದಾರೆ, ತೋರಿಸು.”

ಆರಾಧನಾ ತಂದುಕೊಟ್ಟ ಪಟ್ಟಿ ನೋಡುತ್ತಲೇ ಗೋದಾಗೆ ಗುರುತು ಸಿಕ್ಕಿತು. ರಕ್ತ ತೆಳುವಾಗಿಸುವ ಮಾತ್ರೆ. ಲೋಹದ ಕವಾಟ ಇರುವವರಿಗೆ ಜೀವ ಉಳಿಸುವ ಮಾತ್ರೆ ಅದು. ದಿನಾ ನುಂಗಬೇಕು, ತಿಂಗಳಿಗೊಮ್ಮೆ ರಕ್ತ ಪರೀಕ್ಷಿಸಿ ಎಷ್ಟು ನುಂಗಬೇಕೆಂದು ಡಾಕ್ಟರು ಹೇಳಬೇಕು.

“ರಕ್ತ ಪರೀಕ್ಷೆಗೆ ಹೋಗ್ತಿದೀಯಾ?”

“ಇಲ್ಲ. ಹೋದ್ರೆ ಮತ್ತೆ ಮೋನಿಷಾ ಬಂದು ಬೆರಳು ಒತ್ತಬೇಕು. ಅವಳಿಗೆ ರಜಾ ಸಿಗಲ್ಲ. ಹೆದ್ರಿಕೆ ಬೇರೆ. ಚೀಟೀಲಿ ಬರೆದಷ್ಟು ತಗೊಳ್ತಿದೀನಿ.”

“ತೋಳು ಮಡಚಮ್ಮ.”

ಆರಾಧನಾ ಹಿಂಜರಿದಳು. ಕಾವೇರಮ್ಮ ಮಗಳ ಮುಖ ನೋಡಿದಳು. ಆ ತೋಳಿನ ಕೆಳಗೆ ಏನಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಮೊಣಕೈವರೆಗೆ ಬಟ್ಟೆ ಮೇಲೇರಿತು. ಅಲ್ಲಲ್ಲಿ ನೇರಳೆ ಹಣ್ಣಿನ ಬಣ್ಣದ ಕಲೆ, ಅಂಗೈ ಅಗಲದ್ದೂ ಒಂದಿತ್ತು.

“ಏನೇ ಇದು?” ಎಂದಳು ಕಾವೇರಮ್ಮ.

“ಬಕೆಟ್ ತಗುಲಿತ್ತಮ್ಮ. ಸ್ವಲ್ಪ ತಗುಲಿದ್ರೂ ಹಿಂಗಾಗತ್ತೆ. ಹಲ್ಲುಜ್ಜಿದ್ರೆ ರಕ್ತ ಬರತ್ತೆ. ಆಪರೇಷನ್ ಆದ್ಮೇಲೆ ಹಾಗೇ ಇರ್ಬೇಕು ಅಂದ್ಕೊಂಡೆ. ನಿನಗ್ಯಾಕೆ ಗಾಬರಿ ಅಂತ…”

ಗೋದಾ ಮಾತ್ರೆಯ ಪಟ್ಟಿಯನ್ನೂ ಚೀಟಿಯನ್ನೂ ತನ್ನ ಚೀಲಕ್ಕೆ ಹಾಕಿಕೊಂಡಳು.

“ಇವತ್ತಿಂದ ಇದನ್ನ ಮುಟ್ಬೇಡ. ನಾನು ಡಾಕ್ಟ್ರನ್ನ ಕೇಳ್ಕೊಂಡು ಬರ್ತೀನಿ. ಅಲ್ಲೀತನಕ ಮನೇಲೇ ಇರಿ. ಮೋನಿಷಾ, ನೀನೂ ಇಲ್ಲೇ ಇರು, ಮಿಸ್ ಜತೆ. ಇದು ನನ್ನ ನಂಬರು, ಚೀಲದಲ್ಲಿ ಇಟ್ಕೋ.”

ಬಾಗಿಲವರೆಗೂ ಬಂದ ಕಾವೇರಮ್ಮ ಅವಳ ಕೈ ಹಿಡಿದಳು. “ಈ ಸಲ ಏನು ಬರೀತೀರ?”

“ಇನ್ನೂ ಗೊತ್ತಿಲ್ಲ ಕಣ್ರೀ,” ಎಂದಳು ಗೋದಾ. “ಆದ್ರೆ ಮಗು ಆರೋಗ್ಯ ಮೊದ್ಲು. ಅದನ್ನ ನನ್ನ ಮೇಲೆ ಬಿಡಿ.”

ಇಪ್ಪತ್ತಮೂರು ವರ್ಷ, ಅದರ ಮೇಲೆ ಐದು ವರ್ಷದ ಕೆಲಸದಲ್ಲಿ ಅವಳು ಯಾರಿಗೂ ಅಂಥ ಮಾತು ಕೊಟ್ಟಿರಲಿಲ್ಲ.

ಶ್ವೇತಾದ್ರಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಹೃದಯದ ಸರ್ಜನ್ ಡಾಕ್ಟರ್ ಕಶ್ಯಪ್ ಆಗತಾನೇ ಥಿಯೇಟರಿನಿಂದ ಬಂದು ಕೂತಿದ್ದರು. ಟೋಪಿಯ ದಾರದ ಗುರುತು ಹಣೆಯ ಮೇಲೆ ಇನ್ನೂ ಇತ್ತು. ಅವರ ಎದುರಿಗೆ ಕೂತು ಫೈಲುಗಳಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದವನು ಆಕರ್ಷ. ಕಾರ್ಡು ತಂದ ರೋಗಿಗಳ ಕಾಗದಪತ್ರವೆಲ್ಲ ಅವನದೇ ಉಸ್ತುವಾರಿ. ಮೂವತ್ತು ದಾಟದ, ನಯವಾದ ಮಾತಿನ ಮನುಷ್ಯ. ಮೊನ್ನೆ ಗೋದಾಗೆ ಫೈಲಿನ ನಕಲು ಕೊಟ್ಟವನೂ ಅವನೇ.

“ಬನ್ನಿ ಮೇಡಂ. ಇನ್ನೂ ಮುಗೀಲಿಲ್ವಾ ನಿಮ್ಮ ಎನ್‌ಕ್ವೈರಿ?” ಎಂದು ಆಕರ್ಷ ನಕ್ಕ.

ಗೋದಾ ನೇರವಾಗಿ ಡಾಕ್ಟರನ್ನೇ ನೋಡಿದಳು. “ಡಾಕ್ಟ್ರೇ, ಸೆಪ್ಟೆಂಬರ್ ಹನ್ನೊಂದನೇ ತಾರೀಕು ನೀವು ಆಪರೇಷನ್ ಮಾಡಿದ ಹುಡುಗಿ ಮೋನಿಷಾ ಅಲ್ಲ.”

ಆಕರ್ಷನ ಪೆನ್ನು ನಿಂತಿತು. ಕಶ್ಯಪ್ ಮಾತ್ರ ತಣ್ಣಗಿದ್ದರು.

“ಗೊತ್ತು,” ಎಂದರು.

“ಸರ್,” ಎಂದ ಆಕರ್ಷ.

“ಇರಲಿ ಆಕರ್ಷ, ಹೇಳ್ಬಿಡ್ತೀನಿ. ರೌಂಡ್ಸ್‌ಗೆ ಹೋದಾಗ ಮೋನಿಷಾ ಅಂತ ಕರೆದ್ರೆ ಆ ಹುಡುಗಿ ತಿರುಗಿ ನೋಡ್ತಿರಲಿಲ್ಲ. ಎರಡನೇ ಸಲ ಕರೆದಾಗ ಬೆಚ್ಚಿಬಿದ್ದು ಹ್ಞೂಂ ಅಂತಿದ್ಲು. ಹೆಸರು ಅವಳದ್ದಲ್ಲ ಅಂತ ಸೇರಿಸಿದ ಮಾರನೇ ದಿನವೇ, ಆಪರೇಷನ್‌ಗೆ ಮುಂಚೆನೇ ಗೊತ್ತಾಯ್ತು. ಕೇಳಿದ್ರೆ ವಾಪಸ್ ಕಳಿಸ್ಬೇಕಾಗತ್ತೆ. ಕಳಿಸಿದ್ರೆ ಒಂದು ವರ್ಷ ಉಳೀತಿರಲಿಲ್ಲ. ಕೇಳಲಿಲ್ಲ.” ಕಶ್ಯಪ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅದನ್ನ ಬರ್ಕೊಳ್ಳಿ. ನನ್ನ ತಪ್ಪು.”

“ಅದನ್ನ ಬರೆಯೋಕೆ ಬಂದಿಲ್ಲ. ನೀವು ಹಾಕಿದ ಕವಾಟ ಎಲ್ಲಿ ಅಂತ ಕೇಳೋಕೆ ಬಂದೆ.”

“ಯಾವ ಕವಾಟ?”

ಗೋದಾ ಫೈಲು ತೆರೆದು ಆಪರೇಷನ್ ವಿವರದ ಹಾಳೆ ಅವರ ಮುಂದಿಟ್ಟಳು. ಲೋಹದ ಕವಾಟ ಕೂರಿಸಲಾಗಿದೆ. ಪಕ್ಕದಲ್ಲೇ ಕವಾಟದ ಡಬ್ಬಿಯಿಂದ ಕಿತ್ತು ಅಂಟಿಸಿದ ನಂಬರಿನ ಚೀಟಿ. ಕೆಳಗೆ ಡಾಕ್ಟರ್ ಕಶ್ಯಪ್ ಎಂಬ ಸಹಿ.

ಕಶ್ಯಪ್ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ಹಾಕಿಕೊಂಡು ಮೂರನೇ ಸಲ ಓದಿದರು.

“ನಾನು ಕವಾಟ ಹಾಕಲೇ ಇಲ್ಲ,” ಎಂದರು ನಿಧಾನವಾಗಿ. “ಅಂಟ್ಕೊಂಡಿದ್ದ ಕವಾಟ ಬಿಡಿಸಿ, ಅವಳದ್ದನ್ನೇ ಉಳಿಸಿದೆ. ಚಿಕ್ಕ ವಯಸ್ಸು. ನಾಳೆ ಮದುವೆ, ಮಕ್ಕಳು ಅಂತ ಆಗ್ಬೇಕು. ಲೋಹ ಹಾಕಿದ್ರೆ ಜೀವನಪೂರ್ತಿ ರಕ್ತ ತೆಳು ಮಾಡೋ ಮಾತ್ರೆ. ಅದು ಬೇಡ ಅಂತಲೇ ಎರಡು ಗಂಟೆ ಹೆಚ್ಚು ನಿಂತು ಬಿಡಿಸಿದೆ. ಈ ಸಹಿ ನಂದಲ್ಲ.”

ಅವರು ಡ್ರಾಯರ್ ಎಳೆದು ರಟ್ಟಿನ ಡೈರಿಯೊಂದನ್ನು ತೆಗೆದರು. ತಾವು ಮಾಡಿದ ಪ್ರತಿ ಆಪರೇಷನ್ನಿನ ಬಗ್ಗೆ ಅದೇ ದಿನ ಸಂಜೆ ಬರೆದಿಡುವುದು ಅವರ ಅಭ್ಯಾಸ. ಸೆಪ್ಟೆಂಬರ್ ಹನ್ನೊಂದರ ಪುಟದಲ್ಲಿ ಪೆನ್ಸಿಲ್ಲಿನ ಪುಟ್ಟ ಚಿತ್ರವಿತ್ತು, ಕೆಳಗೆ ನಾಲ್ಕು ಸಾಲು. ಕವಾಟ ಬಿಡಿಸಿದೆ, ಚೆನ್ನಾಗಿ ತೆರೆದುಕೊಂಡಿತು, ಹೊಸದು ಬೇಕಾಗಲಿಲ್ಲ. ಗೋದಾ ಆ ಬರಹವನ್ನೂ ಫೈಲಿನ ಸಹಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ‘ಶ’ ಬರೆಯುವ ರೀತಿಯೇ ಬೇರೆ.

ಈಗ ಅವಳಿಗೆ ಎಲ್ಲವೂ ಕಾಣಿಸಿತು. ಕವಾಟ ಬಿಡಿಸಿದರೆ ಕಂಪನಿ ಕೊಡುವುದು ಒಂದು ಮೊತ್ತ, ಹೊಸದು ಹಾಕಿದರೆ ಅದರ ಎರಡರಷ್ಟು. ಹೆಸರು ಬದಲಿಸಿಕೊಂಡು ಬಂದ ರೋಗಿ ಎಂದೂ ದೂರು ಕೊಡಲು ಬರುವುದಿಲ್ಲ. ಬಾಯಿ ಬಿಟ್ಟರೆ ಜೈಲಿಗೆ ಹೋಗುವುದು ತಾನೇ. ಕಾಳಪ್ಪನ ಕರುಣೆಯನ್ನು ಯಾರೋ ಮೂಲೆಯಲ್ಲಿ ನಿಂತು ನೋಡಿದ್ದರು, ಅದನ್ನೇ ಬಳಸಿಕೊಂಡಿದ್ದರು.

“ಇನ್ನೊಂದು ವಿಷಯ ಡಾಕ್ಟ್ರೇ,” ಎಂದು ಗೋದಾ ಮಾತ್ರೆಯ ಪಟ್ಟಿ, ಚೀಟಿ ಎರಡನ್ನೂ ಮೇಜಿಗಿಟ್ಟಳು. “ಬಿಡುಗಡೆ ದಿನ ಅವಳಿಗೆ ಕೊಟ್ಟಿದ್ದು ಇದು. ಆರು ವಾರದಿಂದ ನುಂಗ್ತಿದಾಳೆ. ರಕ್ತ ಪರೀಕ್ಷೆ ಒಂದು ಸಲಾನೂ ಆಗಿಲ್ಲ.”

ಕಶ್ಯಪ್‌ರ ಮುಖದ ಬಣ್ಣವೇ ಹೋಯಿತು.

“ಇದನ್ನ ನಾನು ಬರ್ದಿಲ್ಲ.”

“ಸುಳ್ಳು ಕವಾಟಕ್ಕೆ ತಕ್ಕ ಹಾಗೆ ಸುಳ್ಳು ಮಾತ್ರೆ ಬರೆದಿದಾರೆ. ಫೈಲು ನೋಡಿದೋರಿಗೆ ಅನುಮಾನ ಬರ್ಬಾರ್ದಲ್ಲ.”

“ಮೈಮೇಲೆ ಕಲೆ ಇದೆಯಾ?”

“ತೋಳು ತುಂಬಾ.”

“ವಸಡಲ್ಲಿ ರಕ್ತ?”

“ಹೌದು ಅಂದ್ಲು.”

ಕಶ್ಯಪ್ ಎದ್ದು ನಿಂತರು. “ಈಗ ಆ ಹುಡುಗಿಗೆ ಒಂದು ಹಲ್ಲು ಕೀಳಿಸಿದ್ರೂ ರಕ್ತ ನಿಲ್ಲಲ್ಲ. ಬಿದ್ದು ತಲೆಗೆ ಪೆಟ್ಟಾದ್ರೆ ಮುಗೀತು. ಇವತ್ತೇ ರಕ್ತ ನೋಡಿ ಇಂಜೆಕ್ಷನ್ ಕೊಡ್ಬೇಕು. ಎಲ್ಲಿದಾಳೆ?”

“ಗವಿಪುರಂ. ಗುಡಿ ಹಿಂದಿನ ಬೀದಿ, ಕಾವೇರಮ್ಮ ಅಂತ ಅವರ ತಾಯಿ. ನಾನೇ ಕರ್ಕೊಂಡು ಬರ್ತೀನಿ.”

“ಕಾರು ನಾನು ಏರ್ಪಾಟು ಮಾಡ್ತೀನಿ ಸರ್,” ಎಂದ ಆಕರ್ಷ. ಇಷ್ಟು ಹೊತ್ತೂ ಅವನು ಕೂತ ಜಾಗದಿಂದ ಅಲುಗಾಡಿರಲಿಲ್ಲ.

ಗೋದಾ ಅವನ ಕಡೆ ತಿರುಗಿದಳು. “ಬೇಡ. ಬಿಡುಗಡೆ ಚೀಟಿ ಟೈಪ್ ಆಗೋದು ನಿಮ್ಮ ಟೇಬಲ್‌ನಲ್ಲೇ ಅಲ್ವಾ ಆಕರ್ಷ?”

“ದಿನಕ್ಕೆ ಅರವತ್ತು ಚೀಟಿ ಟೈಪ್ ಆಗತ್ತೆ ಮೇಡಂ. ನಾಲ್ಕು ಜನ ಹುಡುಗ್ರಿದಾರೆ. ಯಾರೋ ತಪ್ಪು ಮಾಡಿರ್ಬೋದು.”

“ಯಾರೋ ತಪ್ಪಾಗಿ ಡಾಕ್ಟ್ರ ಸಹಿನೂ ಹಾಕ್ಬಿಟ್ರಾ?”

“ನೀವು ನನ್ನ ಮೇಲೆ ಅನುಮಾನ ಪಡ್ತಿದೀರ.” ಅವನ ದನಿ ಏರಲಿಲ್ಲ. “ಒಂದು ಮಾತು ಹೇಳ್ತೀನಿ ಕೇಳಿ. ನೀವು ಇದನ್ನ ಮೇಲಕ್ಕೆ ಕಳಿಸಿದ್ರೆ ಮೊದ್ಲು ಸಿಕ್ಕಿಹಾಕ್ಕೊಳ್ಳೋದು ಆ ಹಮಾಲಿ, ಆಮೇಲೆ ಆ ಹುಡುಗೀರು, ಆಮೇಲೆ ಡಾಕ್ಟ್ರು. ಆಸ್ಪತ್ರೇನ ಪಟ್ಟಿಯಿಂದ ತೆಗೀತಾರೆ. ಕೆಳಗಡೆ ವಾರ್ಡ್‌ನಲ್ಲಿ ಕಾರ್ಡು ಹಿಡ್ಕೊಂಡು ಮಲಗಿರೋ ಮೂವತ್ತೆಂಟು ಜನ ಎಲ್ಲಿಗೆ ಹೋಗ್ತಾರೆ, ಅದನ್ನ ಯೋಚನೆ ಮಾಡಿದೀರಾ?”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೇಲೆ ಬರುವಾಗ ಗೋದಾ ಆ ವಾರ್ಡನ್ನು ಹಾದೇ ಬಂದಿದ್ದಳು. ಹಾಸಿಗೆಯ ತುದಿಯಲ್ಲಿ ಕೂತು ಗಂಡನಿಗೆ ಗಂಜಿ ಕುಡಿಸುತ್ತಿದ್ದ ಹೆಂಗಸೊಬ್ಬಳು ದಿಂಬಿನ ಕೆಳಗೆ ಕಾರ್ಡು ಇದೆಯೇ ಎಂದು ಎರಡು ಸಲ ಮುಟ್ಟಿ ನೋಡಿಕೊಂಡಿದ್ದಳು.

“ಯೋಚನೆ ಮಾಡಿದೀನಿ,” ಎಂದಳು ಗೋದಾ. “ಅವರ ಪೈಕಿ ಎಷ್ಟು ಜನದ ಚೀಟೀಲಿ ಬೇಡದ ಮಾತ್ರೆ ಬರೆದಿದೀರ ಅಂತಾನೂ ಯೋಚನೆ ಮಾಡ್ತಿದೀನಿ.”

ಕಶ್ಯಪ್ ಆಕರ್ಷನನ್ನೇ ದಿಟ್ಟಿಸುತ್ತಿದ್ದರು. ಆರು ವರ್ಷ ಜತೆಯಲ್ಲಿ ಕೆಲಸ ಮಾಡಿದವನನ್ನು ಮೊದಲ ಸಲ ನೋಡಿದಂತೆ.

“ಥಿಯೇಟರ್ ರಿಜಿಸ್ಟರ್ ತಗೊಂಡು ಬಾ,” ಎಂದರು. “ಸೆಪ್ಟೆಂಬರ್‌ದು. ಈಗಲೇ.”

“ತರ್ತೀನಿ ಸರ್.”

ಆಕರ್ಷ ಫೈಲುಗಳನ್ನು ಒಪ್ಪವಾಗಿ ಜೋಡಿಸಿಟ್ಟು ಹೊರಗೆ ಹೋದ. ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.

ಡಾಕ್ಟರು ಡೈರಿಯ ಪುಟವನ್ನು ಜೆರಾಕ್ಸ್ ಮಾಡಿಸಿ ಕೆಳಗೆ ತಮ್ಮ ನಿಜವಾದ ಸಹಿ ಹಾಕಿ ಗೋದಾಳ ಕೈಗೆ ಕೊಟ್ಟರು. ಲ್ಯಾಬಿಗೆ ಫೋನ್ ಮಾಡಿ ಇಂಜೆಕ್ಷನ್ ತೆಗೆದಿಡಲು ಹೇಳಿದರು. ಹದಿನೈದು ನಿಮಿಷ ಕಳೆಯಿತು, ಇಪ್ಪತ್ತಾಯಿತು. ರಿಜಿಸ್ಟರೂ ಬರಲಿಲ್ಲ, ಆಕರ್ಷನೂ ಬರಲಿಲ್ಲ.

“ನೀವು ಹೊರಡಿ,” ಎಂದರು ಕಶ್ಯಪ್. “ನಾನು ಕೆಳಗೆ ಬಾಗಿಲಲ್ಲೇ ಇರ್ತೀನಿ.”

ರಾಮಕೃಷ್ಣ ಆಶ್ರಮದ ಸರ್ಕಲ್ಲಿನಲ್ಲಿ ಆಟೊ ಸಿಕ್ಕಿಕೊಂಡಿತು. ಗೋದಾ ಅರ್ಧ ದಾರಿಯಲ್ಲೇ ಇಳಿದು ನಡೆದಳು. ಐವತ್ತೆರಡರ ಮಂಡಿ ನೋಯುತ್ತಿತ್ತು. ವಿಳಾಸವನ್ನು ಅವನ ಎದುರಿಗೇ ಹೇಳಿದೆನಲ್ಲ ಎಂಬುದು ಗುಡಿಯ ಇಳಿಜಾರಿನಲ್ಲಿ ಅವಳಿಗೆ ಹೊಳೆದದ್ದು. ಆಸ್ಪತ್ರೆಯ ಕಾಗದದಲ್ಲಿ ಇದ್ದದ್ದು ಕಾಟನ್‌ಪೇಟೆಯ ವಿಳಾಸ ಮಾತ್ರ. ಗವಿಪುರಂನ ಮನೆ ಅವನಿಗೆ ಗೊತ್ತಾಗಿದ್ದು ಅವಳ ಬಾಯಿಂದ. ಅವಳು ಓಡತೊಡಗಿದಳು.

ಕಾವೇರಮ್ಮ ಬಾಗಿಲಲ್ಲೇ ಕೂತಿದ್ದಳು. ಮುಖ ಬೆಳಗ್ಗೆಗಿಂತ ಹಗುರಾಗಿತ್ತು.

“ಅಯ್ಯೋ, ನೀವ್ಯಾಕೆ ಮತ್ತೆ ಬಂದ್ರಿ? ಅಲ್ಲೇ ಸಿಗ್ತೀರ ಅಂದ್ರಲ್ಲ.”

“ಯಾರು ಅಂದ್ರು?”

“ನೀವು ಕಳಿಸಿದ ಕಾರಿನೋರು. ಒಬ್ಬ ನರ್ಸಮ್ಮ ಇದ್ರು, ಯೂನಿಫಾರ್ಮ್‌ನಲ್ಲಿ. ಗೋದಾ ಮೇಡಂ ಕಳಿಸಿದಾರೆ, ರಕ್ತ ಪರೀಕ್ಷೆ ಮಾಡಿ ಒಂದು ಗಂಟೇಲಿ ವಾಪಸ್ ಬಿಡ್ತೀವಿ ಅಂದ್ರು. ಕಾರ್ಡೂ ಬೇಕು, ಕಾರ್ಡಿನ ಹುಡುಗೀನೂ ಬೇಕು ಅಂದ್ರು. ಮೋನಿಷಾನೂ ಹೋದ್ಲು.” ಗೋದಾಳ ಮುಖ ನೋಡಿ ಅವಳ ಮಾತು ನಿಧಾನವಾಯಿತು. “ನಿಮ್ಮ ಹ್ಯಾಂಡ್‌ಬ್ಯಾಗ್ ಬಣ್ಣಾನೂ ಹೇಳಿದ್ರು ಕಣ್ರೀ. ಅದಕ್ಕೇ ಕಳಿಸಿದೆ.”

ಗೋದಾ ಕಶ್ಯಪ್‌ಗೆ ಫೋನ್ ಮಾಡಿದಳು.

“ಬಾಗಿಲಲ್ಲೇ ನಿಂತಿದೀನಿ. ಇಲ್ಲಿಗೆ ಯಾವ ಕಾರೂ ಬಂದಿಲ್ಲ,” ಎಂದರು ಅವರು. “ಆಕರ್ಷನೂ ಇಲ್ಲ. ಸೆಕ್ಯುರಿಟಿಯೋರು ಹೇಳ್ತಿದಾರೆ, ಅವನು ಹೋಗಿ ಮುಕ್ಕಾಲು ಗಂಟೆ ಆಯ್ತಂತೆ.”

ಅವಳು ಫೋನ್ ಇಟ್ಟಳೋ ಇಲ್ಲವೋ, ಅದು ಮತ್ತೆ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

“ಮೇಡಂ, ನಾನು ಮೋನಿಷಾ.” ಪಿಸುದನಿ. “ಇಲ್ಲಿ ಯಾರದೋ ಫೋನ್ ಇಸ್ಕೊಂಡು ಮಾಡ್ತಿದೀನಿ. ಇದು ಆ ಆಸ್ಪತ್ರೆ ಅಲ್ಲ ಮೇಡಂ. ಬೇರೆ ಯಾವ್ದೋ. ಹಿಂದಿನ ಗೇಟಿಂದ ಕರ್ಕೊಂಡು ಬಂದ್ರು, ಬೋರ್ಡು ನೋಡೋಕಾಗ್ಲಿಲ್ಲ.”

“ಮಿಸ್ ಎಲ್ಲಿ?”

“ಅವರು ಮಾತಾಡ್ಕೊಳ್ತಿದ್ದಿದ್ದು ಕೇಳಿಸ್ತು. ಫೈಲಲ್ಲಿ ಕವಾಟ ಇದೆ, ಎದೇಲಿ ಇಲ್ಲ, ಅದಕ್ಕೇ ಇವತ್ತೇ ಹಾಕ್ಬಿಡ್ಬೇಕು ಅಂತ. ಹಂಗಾದ್ರೆ ಯಾರು ಬಂದು ನೋಡಿದ್ರೂ ಸರಿಹೋಗತ್ತೆ ಅಂತ. ಮಿಸ್‌ಗೆ ಟೆಸ್ಟ್ ಅಂತ ಹೇಳಿದಾರೆ.”

ಒಂದು ಹಲ್ಲು ಕೀಳಿಸಿದರೂ ನಿಲ್ಲದ ರಕ್ತ. ಕಾವೇರಮ್ಮ ಅವಳ ತುಟಿಯನ್ನೇ ನೋಡುತ್ತಿದ್ದಳು.

“ಮೋನಿಷಾ, ಸರಿಯಾಗಿ ಕೇಳು. ನಿನ್ನ ಬೆರಳಿಲ್ದೆ ಆ ಕಾರ್ಡಿನ ಮೇಲೆ ಯಾವ ಆಸ್ಪತ್ರೇಲೂ ಆಪರೇಷನ್ ಶುರು ಮಾಡೋಕಾಗಲ್ಲ. ಏನೇ ಹೆದರಿಸಿದ್ರೂ ಹೆಬ್ಬೆಟ್ಟು ಒತ್ಬೇಡ. ತಿಳೀತಾ?”



“ನಿಮ್ಮ ಹೆಸರು ಹೇಳಿದ್ರು ಮೇಡಂ,” ಎಂದಳು ಮೋನಿಷಾ. “ಆಗಲೇ ಒತ್ಬಿಟ್ಟೆ. ಮಿಸ್ಸನ್ನ ಒಳಗೆ ಕರ್ಕೊಂಡು ಹೋದ್ರು.”